ಹೆಸರು ಎದ್ದು ಕಾಣಲಿ ಅಂತ

"ಹೆಸರು ಎದ್ದು ಕಾಣಲಿ ಅಂತ ಉಜ್ಜುತ್ತಿದ್ದೇನೆ" ಅಂದರು ಆ ಹಿರಿಯರು. ಕೈಯಲ್ಲಿ ತಂತಿ ಬ್ರಷ್ಷು, ಕಾಲ ಬಳಿ ಬ್ಲೀಚ್ ಡಬ್ಬ. ಅಮೆರಿಕದ ಸೌತ್ ಕೆರೊಲೈನಾದಲ್ಲಿ ಎಜ್‌ಫೀಲ್ಡ್ ಅನ್ನುವ ಪುಟ್ಟ ಊರು, ಅಲ್ಲಿನ ವಿಲೋಬ್ರುಕ್ ಸ್ಮಶಾನ. ಈ ವಾರ ಕಂಡದ್ದು. ಅವರ ಮನೆತನದ ಯಾರದೋ ಹಳೆಯ ಅಮೃತಶಿಲೆಯ ಕಲ್ಲು. ಒಂದೊಂದು ಸಲ ಉಜ್ಜಿದಾಗಲೂ ಸಕ್ಕರೆಯಂಥ ಪುಡಿ ಉದುರುತ್ತಿತ್ತು. ಅದರಲ್ಲಿ ಕೊಳೆಗಿಂತ ಕಲ್ಲೇ ಹೆಚ್ಚು.

ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೂರಾರು ಮಳೆಗಾಲ ಕಂಡ ಮೇಲೆ ಮೇಲ್ಪದರದ ಹರಳುಗಳ ಹಿಡಿತ ಸಡಿಲವಾಗಿರುತ್ತದೆ. ಉಕ್ಕಿನ ತಂತಿ ಅದಕ್ಕಿಂತ ಬಲು ಗಟ್ಟಿ. ಗೀರು ಬೀಳುತ್ತದೆ, ಮುರಿದ ತಂತಿಯ ಚೂರು ಸಿಕ್ಕಿಕೊಂಡು ತುಕ್ಕಿನ ಕಲೆ ಕೂರುತ್ತದೆ. ಬ್ಲೀಚ್ ಇನ್ನೂ ಕೆಟ್ಟದ್ದು. ಅವತ್ತಿಗೆ ಬೆಳ್ಳಗೆ ಕಾಣುತ್ತದೆ, ನಿಜ. ಆದರೆ ಅದರ ಉಪ್ಪು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿದು, ನೀರಾರಿದಾಗ ಹರಳುಗಟ್ಟಿ, ಒಳಗಿನಿಂದಲೇ ಹಕ್ಕಳೆ ಎಬ್ಬಿಸುತ್ತದೆ. ಕಲ್ಲು ತೊಳೆಯುವ ಮೊದಲು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದರೆ, ಪುಡಿ ಕೈಗೆ ಹತ್ತಿದರೆ ಮುಟ್ಟಲೇಬಾರದು. ಗಟ್ಟಿಯಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಬುಡದಿಂದ ಮೇಲಕ್ಕೆ ಉಜ್ಜುತ್ತ, ಜೊತೆಜೊತೆಗೇ ತೊಳೆಯುತ್ತ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣ ಕಲ್ಲಿನ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಪಾಚಿ, ಕಲ್ಲುಹೂವು ಹಿಡಿದಿದ್ದರೆ ಕಲ್ಲಿನ ಪಾಚಿ ತೆಗೆಯಲೆಂದೇ ಮಾರುವ ಡಿ/2 ಎಂಬ ದ್ರಾವಣ ಸಿಂಪಡಿಸಿ 10–15 ನಿಮಿಷ ಬಿಟ್ಟು ತೊಳೆದರೆ ಆಯಿತು. ಉಳಿದ ಕಪ್ಪು ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಮಾಸಿದ ಅಕ್ಷರ ಓದುವುದಕ್ಕಂತೂ ಉಜ್ಜುವ ಅಗತ್ಯವೇ ಇಲ್ಲ. ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಹೆಸರು ಓದಲು ಸಿಗುತ್ತದೆ.

ನಾನು ಇದನ್ನೆಲ್ಲ ಹೇಳಿದ ಮೇಲೆ ಹಿರಿಯರು ಬ್ರಷ್ ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಮಾಡುತ್ತಿದ್ದ ಕೆಲಸ. ಆದರೆ ಅವರ ಮಾತು ತಲೆಯಿಂದ ಹೋಗುತ್ತಿಲ್ಲ. ಹೆಸರು ಎದ್ದು ಕಾಣಲಿ. ಯಾರ ಹೆಸರು?

ಸೌತ್ ಕೆರೊಲೈನಾದ ಸಂಸದನಾಗಿದ್ದ ಪ್ರೆಸ್ಟನ್ ಬ್ರೂಕ್ಸ್ ಇದೇ ಸ್ಮಶಾನದಲ್ಲಿದ್ದಾನೆ. 1856ರ ಮೇ 22ರಂದು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಸಭಾಂಗಣದಲ್ಲಿ, ತನ್ನ ಮೇಜಿನ ಮುಂದೆ ಕೂತಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ಬೆತ್ತ ಮುರಿಯುವ ತನಕ ಬಡಿದವನು. ಸಮ್ನರ್ ಭಾಷಣದಲ್ಲಿ ಗುಲಾಮಗಿರಿಯನ್ನೂ ಬ್ರೂಕ್ಸ್‌ನ ಬಂಧು ಸೆನೆಟರ್ ಆಂಡ್ರ್ಯೂ ಬಟ್ಲರ್‌ನನ್ನೂ ಹಳಿದಿದ್ದ, ಅದೇ ಸಿಟ್ಟು. ಬಿದ್ದ ದಂಡ 300 ಡಾಲರ್. ರಾಜೀನಾಮೆ ಕೊಟ್ಟ, ಮತದಾರರು ಅವನನ್ನೇ ಮತ್ತೆ ಆರಿಸಿ ಕಳಿಸಿದರು. 1857ರ ಜನವರಿಯಲ್ಲಿ, 37ನೇ ವಯಸ್ಸಿಗೆ ಸತ್ತ. ಇಡೀ ದಕ್ಷಿಣವೇ (ಅಂದರೆ ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳು) ಅವನಿಗಾಗಿ ಶೋಕಿಸುತ್ತಿದೆ ಎಂದು ಕಲ್ಲು ಹೇಳುತ್ತದೆ. ಏಟು ತಿಂದ ಸಮ್ನರ್ ಚೇತರಿಸಿಕೊಂಡು ಸೆನೆಟ್ಟಿನ ಕೆಲಸಕ್ಕೆ ಪೂರ್ತಿ ಮರಳಲು ಮೂರು ವರ್ಷ ಹಿಡಿಯಿತು ಅನ್ನುವುದನ್ನು ನೋಡಹೋದವರೇ ತಿಳಿದುಕೊಂಡು ಹೋಗಬೇಕು.

ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ರಾಜ್ಯದ ಗವರ್ನರ್ ಆಗಿದ್ದ ಫ್ರಾನ್ಸಿಸ್ ಪಿಕೆನ್ಸ್, ಸೆನೆಟರ್ ಮ್ಯಾಥ್ಯೂ ಬಟ್ಲರ್ ಕೂಡ ಇಲ್ಲೇ ಇದ್ದಾರೆ. ದೀರ್ಘಕಾಲ ಸೆನೆಟರ್ ಆಗಿದ್ದ ಸ್ಟ್ರೋಮ್ ಥರ್ಮಂಡ್ ಸಮಾಧಿಯೂ ಇಲ್ಲೇ ಇದೆ. 1902ರಲ್ಲಿ ಇದೇ ಊರಲ್ಲಿ ಹುಟ್ಟಿ, 2003ರಲ್ಲಿ ನೂರು ದಾಟಿ ಸತ್ತವನು. ವರ್ಣಭೇದ ಉಳಿಯಬೇಕೆಂದು 1948ರಲ್ಲಿ ಅಧ್ಯಕ್ಷ ಪದವಿಗೆ ನಿಂತು ನಾಲ್ಕು ರಾಜ್ಯ ಗೆದ್ದ. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ತಡೆಯಲು ಸೆನೆಟ್ಟಿನಲ್ಲಿ 24 ಗಂಟೆ 18 ನಿಮಿಷ ಮಾತಾಡಿದ. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತು ದಾಟಿದ ಒಬ್ಬ ಮಗಳಿದ್ದಳು: ಎಸ್ಸಿ ಮೇ. ತಾಯಿ ಕ್ಯಾರಿ ಬಟ್ಲರ್, ಥರ್ಮಂಡ್ ಮನೆಯಲ್ಲಿ ಕೆಲಸಕ್ಕಿದ್ದ ಹದಿಹರೆಯದ ಕಪ್ಪು ಹುಡುಗಿ. ಈ ಮಗಳು ಬಾಯಿಬಿಟ್ಟದ್ದು ಅಪ್ಪ ಸತ್ತು ತಿಂಗಳುಗಳಾದ ಮೇಲೆ, ತನ್ನ 78ನೇ ವಯಸ್ಸಿನಲ್ಲಿ. ಅಷ್ಟು ಕಾಲ ಆಕೆ ಕಾಯ್ದ ಮರ್ಯಾದೆಗೆ ಆತ ಯೋಗ್ಯನಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ರಾಜಧಾನಿ ಕೊಲಂಬಿಯಾದಲ್ಲಿ ಶಾಸನಸಭೆಯ ಆವರಣದಲ್ಲಿ ಅವನ ಪ್ರತಿಮೆಯಿದೆ. ಪೀಠದ ಮೇಲೆ ನಾಲ್ಕು ಮಕ್ಕಳ ತಂದೆ ಎಂದು ಕೊರೆದಿತ್ತು. 2004ರಲ್ಲಿ ನಾಲ್ಕನ್ನು ಐದು ಮಾಡಿ, ಎಸ್ಸಿ ಮೇ ಹೆಸರು ಸೇರಿಸಿದರು. ತಿದ್ದಿದ್ದು ಕಣ್ಣಿಗೆ ಕಾಣುತ್ತದೆ. ಕಲ್ಲಿನಲ್ಲಿ ಕೊರೆದ ಅಕ್ಷರ ತಿದ್ದಲು ಸಾಮಾನ್ಯವಾಗಿ ಎರಡು ದಾರಿ. ಇಡೀ ಮುಖವನ್ನು ಅಕ್ಷರದ ಆಳಕ್ಕಿಂತ ಕೆಳಗೆ ಸವೆಸಿ ಎಲ್ಲವನ್ನೂ ಹೊಸದಾಗಿ ಕೊರೆಯುವುದು ಒಂದು, ಇದು ದುಬಾರಿ. ಇನ್ನೊಂದು, ಅದೇ ಕಲ್ಲಿನ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ಹಳೆಯ ಗುಳಿ ತುಂಬಿ, ಗಟ್ಟಿಯಾದ ಮೇಲೆ ಅದರ ಮೇಲೆ ಕೊರೆಯುವುದು. ಎಪಾಕ್ಸಿ ಬಿಸಿಲಿಗೆ ಬಣ್ಣಗೆಡುತ್ತದೆ, ಕಲ್ಲು ಕೆಡುವುದಿಲ್ಲ. ಹಾಗಾಗಿ ವರ್ಷ ಕಳೆದಂತೆ ತೇಪೆ ಇನ್ನಷ್ಟು ಎದ್ದು ಕಾಣುತ್ತದೆ. ಅದನ್ನು ನುಣುಪು ಮಾಡಬೇಕು ಅನ್ನುವವರಿದ್ದರೆ ನಾನು ಒಪ್ಪುವುದಿಲ್ಲ. ತಿದ್ದುಪಡಿ ಆಗಬೇಕಾಗಿ ಬಂತು ಅನ್ನುವುದೂ ಚರಿತ್ರೆಯೇ.

ಇದೇ ಎಜ್‌ಫೀಲ್ಡ್ ಸೀಮೆಯಲ್ಲಿ ಡೇವಿಡ್ ಡ್ರೇಕ್ ಎಂಬ ಗುಲಾಮ ಕುಂಬಾರನಿದ್ದ. ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿದ್ದ ಕಾಲದಲ್ಲಿ ಹಸಿ ಜೇಡಿಯ ಮೇಲೆ ತನ್ನ ಹೆಸರು, ತಾರೀಖು, ಎರಡು ಸಾಲಿನ ಪದ್ಯ ಗೀಚುತ್ತಿದ್ದ. ಬ್ರೂಕ್ಸ್ ಸತ್ತ 1857ರಲ್ಲೇ, ಆಗಸ್ಟ್ 16ರ ತಾರೀಖಿನ ಒಂದು ಭರಣಿಯ ಮೇಲೆ, ನನ್ನ ಬಂಧುಬಳಗವೆಲ್ಲ ಎಲ್ಲಿದೆಯೋ ಎಂದು ಕೇಳಿದ್ದಾನೆ. ಜೇಡಿ ಬೆಂದು ಗಾಜುಲೇಪ ಕೂತ ಮೇಲೆ ಆ ಅಕ್ಷರಕ್ಕೆ ಮಳೆಯ ಭಯವಿಲ್ಲ. ಇವತ್ತಿಗೂ ಸಲೀಸಾಗಿ ಓದಬಹುದು.

ವಿಲೋಬ್ರುಕ್‌ನ ಕಲ್ಲುಗಳನ್ನು ಕೀಳಬೇಕೆಂದು ನಾನು ಹೇಳುವುದಿಲ್ಲ, ಹೊಳಪು ಕೊಡಬೇಕೆಂದೂ ಹೇಳುವುದಿಲ್ಲ. ಪಕ್ಕದಲ್ಲಿ ಒಂದೊಂದು ಫಲಕ ಬರಲಿ. ಬ್ರೂಕ್ಸ್ ಬಳಿ ಬೆತ್ತದ ಸಂಗತಿ, ಥರ್ಮಂಡ್ ಬಳಿ ಕ್ಯಾರಿ ಬಟ್ಲರ್ ಮತ್ತು ಮಗಳ ಹೆಸರು. ಹಳೆಯ ಕಲ್ಲಿಗೆ ತೂತು ಕೊರೆದು ಫಲಕ ಜಡಿಯಬಾರದು; ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿದರೆ ಕಲ್ಲೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬೇರೆ ಕಂಬ ನೆಟ್ಟು, ಹುಲ್ಲು ಕತ್ತರಿಸುವ ಯಂತ್ರ ತಾಗದಷ್ಟು ಜಾಗ ಬಿಟ್ಟು ನಿಲ್ಲಿಸಬೇಕು.