ಅದೇ ಹಾಡು, ಇನ್ನೊಂದು ಸಲ

“ನಮಗೆಲ್ಲ ಗೊತ್ತಿರೋ ಹಾಡು ಒಂದಾದ್ರೂ ಹೇಳಮ್ಮ” ಎಂದು ಮೇಷ್ಟ್ರು ಕೇಳಿದರು. “ಈಗ ಹೇಳಿದ್ದನ್ನೇ ಇನ್ನೊಂದ್ಸಲ ಹೇಳ್ತೀನಿ ಸಾರ್. ಆಮೇಲೆ ಅದೂ ನಿಮಗೆ ಗೊತ್ತಿರೋ ಹಾಡೇ” ಎಂದು ಆ ಹುಡುಗಿ ಉತ್ತರಿಸಿದಳು. ಕಳೆದ ಶನಿವಾರ ರಾತ್ರಿಯಿಂದ ಈ ಎರಡು ಮಾತುಗಳು ನನ್ನನ್ನು ಬಿಟ್ಟಿಲ್ಲ. ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಯುವವರಿಗೆ ಚಹಾ ಒಯ್ಯುವಾಗಲೂ ಪೇಟೆಯ ಬಸ್ಸಿನಲ್ಲಿ ಕುಳಿತಿದ್ದಾಗಲೂ ಅದೇ ಪ್ರಶ್ನೆ, ಅದೇ ಉತ್ತರ ಮರಳಿ ಬರುತ್ತವೆ. ಅವಳ ಮಾತಿನಲ್ಲಿ ಎದುರುತ್ತರದ ಮೊನಚೇನಾದರೂ ಇತ್ತೇ ಎಂದು ನೆನಪಿಸಿಕೊಂಡು ನೋಡಿದ್ದೇನೆ. ಇರಲಿಲ್ಲ. ಮಾತು ಮುಗಿಯುವ ಮೊದಲೇ ಅವಳ ಎಡಗೈ ಗಿಟಾರಿನ ಮೇಲೆ ಹಾಡು ಶುರುವಾಗುವ ಜಾಗಕ್ಕೆ ಹೋಗಿತ್ತು. ಅವಳು ವಾದಕ್ಕೆ ನಿಂತಿರಲಿಲ್ಲ, ಹಾಡುವುದಕ್ಕೆ ಸಿದ್ಧಳಾಗಿದ್ದಳು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ತೊಟ್ಟಿಮನೆಯಲ್ಲಿ ಕಾರ್ಯಕ್ರಮ ನಡೆಯಿತು. ಆ ಮನೆಯ ಮಗಳು ಬೆಂಗಳೂರಿನಲ್ಲಿದ್ದಾಳೆ, ಹಾಡಿದವಳು ಅವಳ ಗೆಳತಿ. ತಾನೇ ಬರೆದು, ತಾನೇ ರಾಗ ಹಾಕಿ, ಯಾವ ಕಂಪನಿಯ ಹಂಗೂ ಇಲ್ಲದೆ ಕರೆದವರ ಮನೆಗೆ ಹೋಗಿ ಹಾಡುತ್ತಾಳೆ. ಮೈಕ್ ಇರಲಿಲ್ಲ, ವೇದಿಕೆ ಇರಲಿಲ್ಲ, ಸ್ವಾಗತ ಭಾಷಣವೂ ಇರಲಿಲ್ಲ. ಒಳಜಗಲಿಯ ಮೇಲೆ ಕಂಬಳಿ ಹಾಸಿ ಮೂವತ್ತು, ಮೂವತ್ತೈದು ಜನ ಕುಳಿತಿದ್ದೆವು. ಎದುರು ಬದಿಯ ಜಗಲಿಯಲ್ಲಿ ಅವಳು ಮತ್ತು ಖಂಜಿರ ನುಡಿಸುವ ಹುಡುಗ, ನಡುವಿನ ಅಂಗಳದಲ್ಲಿ ಆಷಾಢದ ಮಳೆ. ಖಂಜಿರದ ಶ್ರುತಿ ಇಳಿಸಲು ಚರ್ಮಕ್ಕೆ ನೀರು ಚಿಮುಕಿಸುವುದು ಬಯಲುಸೀಮೆಯ ರೂಢಿ. ನಮ್ಮಲ್ಲಿ ಗಾಳಿಯೇ ನೀರು. ಆ ಹುಡುಗ ಕಾರ್ಯಕ್ರಮಕ್ಕೆ ಮೊದಲು ಬಹಳ ಹೊತ್ತು ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಖಂಜಿರವನ್ನು ಉರಿಗೆ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ ಕಿವಿಗೆ ತಂದು, ಮತ್ತೆ ಉರಿಗೆ ಹಿಡಿಯುತ್ತಿದ್ದ. ಮಳೆಗಾಲದ ಯಕ್ಷಗಾನದ ಆಟ, ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗಳಲ್ಲಿ ಮದ್ದಳೆಗೆ ಕಾವು ಕೊಡುವುದನ್ನು ಕಂಡ ಮನೆಯ ಅಜ್ಜಯ್ಯ ಯಾರೂ ಹೇಳದೆಯೇ ಇನ್ನೆರಡು ಸೌದೆ ಕುಂಟೆ ಒಲೆಗೆ ನೂಕಿದರು. ಗಿಟಾರಿಗೆ ಈ ಉಪಚಾರವನ್ನೂ ಮಾಡುವಂತಿಲ್ಲ. ಥಂಡಿಗೆ ಮರ ಉಬ್ಬಿ ತಂತಿಗಳು ಜಾಗ ಬಿಡುತ್ತವೆ. ಪ್ರತಿ ಹಾಡಿನ ನಡುವೆಯೂ ಅವಳು ಸೆರಗಿನಿಂದ ಅದರ ಕುತ್ತಿಗೆಯನ್ನು ಒರೆಸಿ, ತಲೆ ಬಗ್ಗಿಸಿ, ಒಂದೊಂದೇ ತಂತಿಯನ್ನು ಶ್ರುತಿಗೆ ತರುತ್ತಿದ್ದಳು.

ಅವಳ ಅಜ್ಜಿಯ ಮನೆ ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎದ್ದು ಬಂದ ಕುಟುಂಬಗಳಲ್ಲಿ ಅದೂ ಒಂದು. ಅವಳು ಎರಡು ಸಲ ಹಾಡಿದ ಆ ಹಾಡು ಅಜ್ಜಿ ದಡದಲ್ಲಿ ನಿಂತು ನೀರಿನ ಕಡೆ ಕೈ ತೋರಿಸಿ ತನ್ನ ಮನೆಯ ಒಂದೊಂದು ಭಾಗವನ್ನೂ ಹೆಸರಿಸುತ್ತ ಹೋಗುವ ಹಾಡು. “ನೀರಿನಡಿಗೆ ನಮ್ಮ ಕೊಟ್ಟಿಗೆ, ಮೇಲೆ ಯಾರ ದೋಣಿಯೋ” ಎಂಬ ಸಾಲು ಅದರಲ್ಲಿ ಮೂರು ಕಡೆ ಬರುತ್ತದೆ. ಮೊದಲ ಸಲ ಹಾಡುವಾಗ ನಡುವೆ ಮಳೆ ಜೋರಾಗಿ ಹಂಚಿನ ಸದ್ದಿನಲ್ಲಿ ಅವಳ ದನಿ ಮುಳುಗಿಹೋಯಿತು. ಅವಳು ದನಿ ಎತ್ತಲಿಲ್ಲ. ಒಂದು ಸಾಲಿಗೆ ನಿಲ್ಲಿಸಿ, ತಂತಿಗಳ ಮೇಲೆ ಅಂಗೈ ಇಟ್ಟು, ಮಳೆ ಇಳಿಯುವವರೆಗೆ ಕಾದು, ಅದೇ ಸಾಲಿನಿಂದ ಮುಂದುವರಿಸಿದಳು. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿಗೆ ಸಲ್ಲಬೇಕಾದ ಮರ್ಯಾದೆಯ ಚಪ್ಪಾಳೆ ಅದು. ಆಗ ಮೇಷ್ಟ್ರು ಕೇಳಿದರು, ಅವಳು ಹಾಗೆ ಹೇಳಿದಳು.

ಮೇಷ್ಟ್ರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರನ್ನು ಸಂಗೀತ ದ್ವೇಷಿ ಎಂದು ಯಾರೂ ತಿಳಿಯಬಾರದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಭಾವಗೀತೆಗಳನ್ನು ಚೆನ್ನಾಗಿ ಹಾಡುತ್ತಾರೆ, ನಮ್ಮ ಕಡೆಯ ನೂರಾರು ಮಕ್ಕಳಿಗೆ ಪದ್ಯವನ್ನು ರಾಗವಾಗಿ ಓದುವುದನ್ನು ಕಲಿಸಿದವರು ಅವರೇ. ಆದರೆ ಹಾಡೆಂದರೆ ಈಗಾಗಲೇ ಒಪ್ಪಿತವಾದದ್ದು, ಹಿರಿಯರು ಮುದ್ರೆ ಒತ್ತಿದ್ದು ಎಂಬ ಭಾವನೆ ಅವರಲ್ಲಿ ಗಟ್ಟಿಯಾಗಿದೆ. ಎದುರಿಗೆ ಕುಳಿತ ಇಪ್ಪತ್ತೇಳು, ಇಪ್ಪತ್ತೆಂಟರ ಹುಡುಗಿಯೊಬ್ಬಳು ಕಳೆದ ವರ್ಷ ಬರೆದದ್ದು ಹಾಡಾಗಬಹುದೆಂದು ಅವರಿಗೆ ಸುಲಭವಾಗಿ ತೋಚುವುದಿಲ್ಲ. ಅವರು ಗಟ್ಟಿಯಾಗಿ ಕೇಳಿದ್ದನ್ನು ಅಲ್ಲಿ ಅರ್ಧಕ್ಕರ್ಧ ಜನ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಕೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಎರಡನೆಯ ಸಲ ಅವಳು ಅದೇ ಹಾಡನ್ನು ಒಂದು ಸ್ವರವೂ ಬದಲಾಗದಂತೆ ಹಾಡಿದಳು. ಕೇಳುವವರು ಮಾತ್ರ ಬದಲಾಗಿದ್ದರು. ಕೊಟ್ಟಿಗೆಯ ಸಾಲು ಮೊದಲ ಸಲ ಬಂದಾಗ ಮುಂದೇನು ಬರುತ್ತದೆಂದು ಗೊತ್ತಿದ್ದ ಕೆಲವರ ತುಟಿ ಅಲುಗಿತು. ಎರಡನೆಯ ಸಲ ಬಂದಾಗ ನನ್ನ ಪಕ್ಕದಲ್ಲಿದ್ದವರೊಬ್ಬರು ನನ್ನ ತೋಳು ಮುಟ್ಟಿ, “ನಮ್ಮ ದೊಡ್ಡತ್ತೆ ಮನೇದೂ ಹೀಗೇ ಆಗಿದ್ದು” ಎಂದರು. ಮೊದಲ ಸಲ ಇದೇ ಸಾಲನ್ನು ಇದೇ ಕಿವಿಯಿಂದ ಕೇಳಿದಾಗ ಅವರಿಗೆ ದೊಡ್ಡತ್ತೆಯ ನೆನಪಾಗಿರಲಿಲ್ಲ. ಹೊಸ ಹಾಡು ಕೇಳುವಾಗ ಮೊದಲ ಸುತ್ತೆಲ್ಲ ಇದು ಯಾವ ಬಗೆಯದು, ಎಲ್ಲಿಗೆ ಹೋಗುತ್ತದೆ, ಯಾವಾಗ ಮುಗಿಯುತ್ತದೆ ಎಂದು ಅಳೆಯುವುದರಲ್ಲೇ ಕಳೆದುಹೋಗುತ್ತದೆ. ಅಳೆಯುವ ಕೆಲಸ ಮುಗಿದ ಮೇಲಷ್ಟೇ ಕೇಳಲು ಆಗುವುದು.

ಆ ಹೊತ್ತಿನ ಇನ್ನೊಂದು ನೋಟವೂ ನನ್ನ ಕಣ್ಣಿಂದ ಹೋಗಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಆ ಮನೆಯ ಸೊಸೆ ಬಂದು ನಿಂತಿದ್ದರು. ಅಷ್ಟು ಜನಕ್ಕೆ ಕಡುಬು, ಪತ್ರೊಡೆ, ಸಾರು, ಪಾಯಸ ಎಂದು ಮಧ್ಯಾಹ್ನದಿಂದ ಒಲೆಯ ಮುಂದಿದ್ದ ಅವರಿಗೆ ಮೊದಲ ಸಲದ ಹಾಡು ಪಾತ್ರೆಗಳ ಸದ್ದಿನ ನಡುವೆ ಎಷ್ಟು ಕೇಳಿಸಿತ್ತೋ ಅಷ್ಟೇ. ಒಂದು ಕೈಯಲ್ಲಿ ಸಟ್ಟುಗ ಹಾಗೇ ಇತ್ತು, ಇನ್ನೊಂದು ಕೈಗೆ ಅಕ್ಕಿಹಿಟ್ಟು ಮೆತ್ತಿತ್ತು. ಹಾಡು ಮುಗಿಯುವವರೆಗೂ ಅವರು ಕಂಬಕ್ಕೆ ಒರಗದೆ, ಕೂರದೆ ನಿಂತೇ ಕೇಳಿದರು. ಮೇಷ್ಟ್ರು ಹಾಗೆ ಕೇಳದಿದ್ದರೆ, ಅವಳು ಹಾಗೆ ಉತ್ತರಿಸದಿದ್ದರೆ, ತಮ್ಮದೇ ಮನೆಯಲ್ಲಿ ಹಾಡಿದ ಹಾಡು ಅವರಿಗೆ ಸಿಗುತ್ತಲೇ ಇರಲಿಲ್ಲ. ಮನೆಯಲ್ಲಿ ಸಂಗೀತ ಎಂದಾಗ ನಾವು ಆತ್ಮೀಯತೆ, ಹತ್ತಿರ ಎಂದೆಲ್ಲ ಹೇಳುತ್ತೇವೆ. ಆ ಹತ್ತಿರ ಯಾರಿಗೆ ದಕ್ಕುತ್ತದೆ, ಅದಕ್ಕಾಗಿ ಯಾರು ದೂರದಲ್ಲಿ ನಿಂತು ದುಡಿಯುತ್ತಾರೆ ಎಂಬುದನ್ನು ಮನೆಯ ಯಜಮಾನರು ಯೋಚಿಸಬೇಕಿತ್ತು. ಇದನ್ನು ನಾನು ಅವರಿಗೇ ಹೇಳಿದ್ದೇನೆ, ಬೆನ್ನ ಹಿಂದೆ ಆಡುತ್ತಿಲ್ಲ.

ಮಲೆನಾಡಿನ ಮನೆಗಳಿಗೆ ಹಾಡು ಬರುವುದು ಹೊಸತಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಆರದ ದೀಪ ಹಿಡಿದು ಮನೆಮನೆಯ ಬಾಗಿಲಿಗೆ ಬಂದು ಬಲೀಂದ್ರನ ಪದ ಹೇಳುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ತಮ್ಮ ದೀಪವನ್ನು ಅದರಿಂದ ಹೊತ್ತಿಸಿಕೊಂಡು, ಕಜ್ಜಾಯ, ಅಕ್ಕಿ, ಹಣ ಕೊಟ್ಟು ಕಳಿಸುತ್ತಾರೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಚಿಕ್ಕಮೇಳದವರು ಮೊದಲೇ ತಿಳಿಸಿ ಸಂಜೆಯ ಮೇಲೆ ಬರುತ್ತಾರೆ. ಭಾಗವತರು, ಚೆಂಡೆ, ಮದ್ದಳೆ, ಎರಡು ವೇಷ, ಚಾವಡಿಯಲ್ಲೇ ಹದಿನೈದಿಪ್ಪತ್ತು ನಿಮಿಷದ ಪ್ರಸಂಗ. ತಾಳಮದ್ದಳೆಗಂತೂ ಮಳೆಗಾಲದ ಜಗಲಿಯೇ ಜಾಗ. ಶಿವಮೊಗ್ಗದ ಬದಿಯಲ್ಲಿ ತುಂಗೆಯ ದಡದ ಹೊಸಹಳ್ಳಿ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಊರೆಂದೇ ಹೆಸರಾದದ್ದು; ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಮನೆಯ ಪಡಸಾಲೆಯಲ್ಲಿ ಭಾರತ ಓದಿಸುತ್ತಿದ್ದ ಎಷ್ಟೋ ಕುಟುಂಬಗಳು ತಮಗೇ ಬಂದಷ್ಟು ಹಿಗ್ಗಿದವು.

ಶನಿವಾರದ ನಂತರ ಇವೆಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡಾಗ ನನಗೆ ಹೊಳೆದದ್ದು ಇಷ್ಟು. ಇವುಗಳಲ್ಲಿ ಬರುವವರು ಅಪರಿಚಿತರಾಗಿರಬಹುದು, ಆದರೆ ಬರುವ ಹಾಡು ಅಥವಾ ಕಥೆ ಮನೆಗೆ ಮೊದಲೇ ಪರಿಚಿತ. ಬಲಿಯ ಕಥೆ ಗೊತ್ತು, ಕರ್ಣನ ಕಥೆ ಗೊತ್ತು. ಈ ಭಾಗವತರು ಹೇಗೆ ಹೇಳುತ್ತಾರೆ, ಪಾತ್ರದ ಮಾತು ಆಡುವ ಈ ಅರ್ಥಧಾರಿ ಎಲ್ಲಿಗೆ ಒಯ್ಯುತ್ತಾರೆ ಎಂಬುದಷ್ಟೇ ಕುತೂಹಲ. ಈಗಿನ ಈ ಮಕ್ಕಳು ನಮ್ಮ ಮುಂದೆ ಇಡುತ್ತಿರುವುದು ಅದರ ತಿರುಗುಮುರುಗು. ಹಾಡುವವಳು ನಮ್ಮ ಮನೆಯ ಹುಡುಗಿಯ ಗೆಳತಿ, ನಮ್ಮದೇ ಜಿಲ್ಲೆಯವಳು, ನಮ್ಮದೇ ಮಾತು ಆಡುವವಳು. ಹಾಡು ಮಾತ್ರ ಯಾರಿಗೂ ಗೊತ್ತಿಲ್ಲದ್ದು. ಅಪರಿಚಿತ ಮನುಷ್ಯನಿಗೆ ಮಣೆ ಹಾಕಿ ಕಾಲಿಗೆ ನೀರು ಕೊಡುವುದು ನಮಗೆ ಗೊತ್ತು. ಅಪರಿಚಿತ ಹಾಡಿಗೆ ಮಣೆ ಹಾಕುವುದನ್ನು ನಾವಿನ್ನೂ ಕಲಿಯಬೇಕಾಗಿದೆ. ಅವಳ ಉತ್ತರ ಅದನ್ನು ಕಲಿಸುವ ದಾರಿ ಎಂದು ನಾನು ನಂಬುತ್ತೇನೆ, ಮತ್ತು ಅಂಥ ಉತ್ತರ ಕೊಡಲು ಸಾಧ್ಯವಾಗುವುದು ಮನೆಯಲ್ಲಿ ಮಾತ್ರ. ಟಿಕೆಟ್ಟು ಕೊಟ್ಟು ಬಂದ ಸಾವಿರ ಜನರ ಮುಂದೆ ಈಗ ತಾನೇ ಹಾಡಿದ್ದನ್ನು ಇನ್ನೊಮ್ಮೆ ಹಾಡುವ ಧೈರ್ಯ ಯಾವ ಹೊಸ ಗಾಯಕಿಗೆ ಬಂದೀತು?

ಹೊರಗಿನವರೂ ಹಾಡನ್ನು ಕಿವಿಗೊಟ್ಟು ಕೇಳುವ ಜಾಗದ ಕೊರತೆಯಿಂದಲೇ ಮನೆ, ಕಚೇರಿಗಳ ಕಡೆ ತಿರುಗಿದ್ದು. ಅಮೆರಿಕದ ಸಾರ್ವಜನಿಕ ರೇಡಿಯೊದ ಬಾಬ್ ಬಾಯ್ಲನ್, ಗಲಾಟೆಯ ನಡುವೆ ಗಾಯಕಿ ಲಾರಾ ಗಿಬ್ಸನ್ ಅವರ ದನಿ ಕೇಳಿಸದೆ ಬೇಸತ್ತು, 2008ರಲ್ಲಿ ಅವರನ್ನು ತಮ್ಮ ಕಚೇರಿಯ ಮೇಜಿನ ಬಳಿಯೇ ಹಾಡಿಸಿದರು. ಟೈನಿ ಡೆಸ್ಕ್ ಎಂಬ ಹಾಡಿನ ಸರಣಿ ಹುಟ್ಟಿದ್ದು ಹಾಗೆ. ಮರುವರ್ಷ ಲಂಡನ್ನಿನ ಒಂದು ಮನೆಯ ಕೋಣೆಯಲ್ಲಿ ಮನೆಗಳಲ್ಲಿ ಹಾಡಿನ ಕಾರ್ಯಕ್ರಮ ನಡೆಸುವ ಸೋಫಾರ್ ಸೌಂಡ್ಸ್ ಶುರುವಾದದ್ದಕ್ಕೂ ಇದೇ ಬಗೆಯ ಬೇಸರ ಕಾರಣ. ಆದರೆ ಆ ಸಂಸ್ಥೆ ದೊಡ್ಡದಾದಂತೆ ದುಡ್ಡಿನ ಪ್ರಶ್ನೆಯೂ ಎದ್ದಿತು. ಕಾರ್ಯಕ್ರಮಗಳಲ್ಲಿ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರಿಗೆ ಸುಮಾರು 4.6 ಲಕ್ಷ ಡಾಲರ್ ಕೊಡಲು ಅದು 2020ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆತ್ಮೀಯತೆಯ ಹೆಸರಿನಲ್ಲಿ ಯಾರದೋ ಬೆವರು ಲೆಕ್ಕಕ್ಕೆ ಬಾರದೆ ಹೋಗುವುದು ನಮ್ಮ ಅಡುಗೆಮನೆಯ ಬಾಗಿಲಿಗಷ್ಟೇ ಸೀಮಿತವಲ್ಲ.

ದುಡ್ಡಿನ ಮಾತು ಶನಿವಾರವೂ ಬಂತು. ಊಟವಾದ ಮೇಲೆ ಯಜಮಾನರು ನನ್ನನ್ನು ಹೆಬ್ಬಾಗಿಲ ಕಡೆ ಕರೆದು, “ಎಷ್ಟು ಕೊಡೋದು ಮಾರಾಯ್ರೆ ಇವರಿಗೆ?” ಎಂದು ಪಿಸುದನಿಯಲ್ಲಿ ಕೇಳಿದರು. ಅಂಟಿಗೆ-ಪಂಟಿಗೆಯ ದೀಪಕ್ಕೆ ಎಷ್ಟು ಎಣ್ಣೆ, ಚಿಕ್ಕಮೇಳಕ್ಕೆ ಇಡುವ ಅಕ್ಕಿ, ಕಾಯಿ, ಕಾಣಿಕೆ ಎಷ್ಟು ಎಂದು ಅವರು ಯಾರನ್ನೂ ಕೇಳಿದವರಲ್ಲ. ಅದಕ್ಕೆಲ್ಲ ತಲೆಮಾರುಗಳು ಮಾಡಿಟ್ಟ ಅಳತೆ ಇದೆ. ಇದಕ್ಕೆ ಅಳತೆ ಇಲ್ಲವಾದ್ದರಿಂದ ನಮ್ಮ ಜನ ಊಟವನ್ನೇ ದೊಡ್ಡದು ಮಾಡುತ್ತಾರೆ, ಹೋಗುವಾಗ ಜೇನುತುಪ್ಪದ ಬಾಟಲಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಾರೆ. ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಬೆಂಗಳೂರಿನ ಬಾಡಿಗೆಯನ್ನು ಅಪ್ಪೆಮಿಡಿಯಿಂದ ಕಟ್ಟಲಾಗುವುದಿಲ್ಲ. ಮೊಬೈಲಿನಲ್ಲಿ ಹಾಡು ಹಾಕಿದರೆ ದುಡ್ಡು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಬಾರಿಯಾದರೂ ಕೇಳದ ಹಾಡಿನ ಧ್ವನಿಮುದ್ರಣಕ್ಕೆ, ಮೊಬೈಲಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಕಂಪನಿ 2024ರಿಂದ ಏನನ್ನೂ ಕೊಡುವುದಿಲ್ಲ. ಸಾವಿರ ಮುಟ್ಟಿದರೂ ಬರುವುದು ಪುಡಿಗಾಸು. ಆ ರಾತ್ರಿ ಜಗಲಿಯ ಮೇಲಿದ್ದ ಮೂವತ್ತೈದು ಜನ ಎರಡೆರಡು ಸಲ ಕೇಳಿದ ಹಾಡು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕಾಣಿಕೆಯ ತಟ್ಟೆ ಇಟ್ಟು ಸಂಕೋಚಪಡುವುದಕ್ಕಿಂತ, ಕರೆಯುವ ದಿನವೇ ಮೊತ್ತ ಹೇಳಿ ಕರೆಯಬೇಕು ಎಂದು ನಾನು ಯಜಮಾನರಿಗೆ ಹೇಳಿದೆ. ಅವರು ಒಪ್ಪಿ, ಒಳಗೆ ಹೋಗಿ, ಅವಳಿಗೂ ಖಂಜಿರದ ಹುಡುಗನಿಗೂ ಬೇರೆ ಬೇರೆಯಾಗಿ ಕೊಟ್ಟರು. ಪಕ್ಕವಾದ್ಯದವರನ್ನು ಪ್ರತ್ಯೇಕವಾಗಿ ನೆನೆಸಿಕೊಂಡ ಅವರ ಸೂಕ್ಷ್ಮ ನನಗೆ ತುಂಬ ಹಿಡಿಸಿತು.

ನಿನ್ನೆ ಮೇಷ್ಟ್ರು ಫೋನ್ ಮಾಡಿದ್ದರು. ನವರಾತ್ರಿಯ ಹೊತ್ತಿಗೆ ತಮ್ಮ ಮನೆಯಲ್ಲೂ ಅವಳನ್ನು ಹಾಡಿಸಬೇಕಂತೆ. ಮೊತ್ತವನ್ನು ಮೊದಲೇ ತಿಳಿಸುತ್ತಾರೆ, ಅಡುಗೆಯನ್ನು ತೀರ್ಥಹಳ್ಳಿಯ ಭಟ್ಟರಿಗೆ ಒಪ್ಪಿಸುತ್ತಾರೆ, ಇವೆರಡಕ್ಕೂ ತಕರಾರಿಲ್ಲ. “ಆದ್ರೆ ಅರ್ಧ ಅವಳದ್ದು, ಅರ್ಧ ನಮಗೆ ಗೊತ್ತಿರೋದು. ಪಟ್ಟಿ ನಾನೇ ಕೊಡ್ತೀನಿ” ಎಂದರು. ಪಟ್ಟಿ ಕೊಡುವುದು ಮನೆಯವರ ಕೆಲಸವಲ್ಲ, ಅವಳಿಗೆ ಇಷ್ಟವಿದ್ದರೆ ನಿಮಗೆ ಪ್ರಿಯವಾದ ಒಂದನ್ನು ತಾನಾಗಿಯೇ ಹಾಡಿಯಾಳು, ಹಾಡದಿದ್ದರೆ ಒತ್ತಾಯಿಸಬೇಡಿ ಎಂದೆ. ಅವರು ಒಪ್ಪಲಿಲ್ಲ. “ಆ ನೀರಿನ ಹಾಡು ಮಾತ್ರ ಇರ್ಲಿ, ಅದು ಈಗ ಗೊತ್ತಿರೋದೇ ಅಲ್ವಾ” ಎಂದು ಅದನ್ನು ತಮ್ಮ ಪಟ್ಟಿಗೇ ಸೇರಿಸಿಕೊಂಡರು. ಉಳಿದದ್ದರ ಬಗ್ಗೆ ಮಾತು ಮುಗಿದಿಲ್ಲ. ಭಾನುವಾರ ಅವರ ಮನೆಗೆ ಹೋಗಿ ಮತ್ತೆ ಕೇಳಬೇಕೆಂದಿದ್ದೇನೆ.