ಮುಂಬೈ ಸ್ಕ್ಯಾನರ್, ಪುಣೆ ಸ್ಕ್ಯಾನರ್, ಒಂದೇ ಡಿಸೈನ್ ಮ್ಯಾಟ್ರಿಕ್ಸ್

ಪುಣೆಯಲ್ಲಿ ಮೆದುಳಿನ ಎಂಆರ್‌ಐ ಮೇಲೆ ಕೆಲಸಕ್ಕಿಳಿದ ಕನ್ನಡದ ಹುಡುಗ ಹುಡುಗಿಯರೇ, ಮೆದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಎಫ್‌ಎಸ್‌ಎಲ್ ತಂತ್ರಾಂಶದಲ್ಲಿ ಎರಡು ಗುಂಪು ಹೋಲಿಸುವಾಗ ಕಾಲಿಗೆ ತೊಡರುವುದು ಗಣಿತವಲ್ಲ, ಕಾಲಂ ತುಂಬುವ ಕೆಲಸ.

20 ರೋಗಿಗಳು, 20 ಆರೋಗ್ಯವಂತರು. ಎರಡೂ ಗುಂಪಿನಲ್ಲಿ ಅರ್ಧ ಜನರ ಸ್ಕ್ಯಾನ್ ಮುಂಬೈಯಲ್ಲಿ, ಅರ್ಧ ಪುಣೆಯಲ್ಲಿ ಅಂದುಕೊಳ್ಳಿ. ಯಾರು ಯಾವ ಗುಂಪು, ವಯಸ್ಸೆಷ್ಟು, ಸ್ಕ್ಯಾನರ್ ಯಾವುದು ಎಂದು ಪ್ರೋಗ್ರಾಂಗೆ ತಿಳಿಸುವ ಕೋಷ್ಟಕವೇ ಡಿಸೈನ್ ಮ್ಯಾಟ್ರಿಕ್ಸ್. ಅದಕ್ಕೆ ಒಬ್ಬರಿಗೊಂದರಂತೆ 40 ಸಾಲು, 4 ಕಾಲಂ. ಮೊದಲನೆಯದರಲ್ಲಿ ರೋಗಿಗೆ 1, ಉಳಿದವರಿಗೆ 0. ಎರಡನೆಯದು ಅದರ ತದ್ವಿರುದ್ಧ. ಮೂರನೆಯದು ಸರಾಸರಿ ಕಳೆದ ವಯಸ್ಸು. ನಾಲ್ಕನೆಯದು ಸ್ಕ್ಯಾನರ್: ಮುಂಬೈಗೆ 1, ಪುಣೆಗೆ -1. ಸ್ಕ್ಯಾನರಿಗೂ ಎರಡು ಕಾಲಂ ಕೊಟ್ಟಿರೋ, ರ್ಯಾಂಕ್ ಡಿಫಿಶಿಯಂಟ್ (ಒಂದು ಕಾಲಂ ಉಳಿದವುಗಳಿಂದಲೇ ಸಿಗುವಂಥದ್ದು) ಎಂಬ ಎಚ್ಚರಿಕೆ ಬರುತ್ತದೆ. ಗುಂಪಿನ ಜೋಡಿ ಕೂಡಿದರೂ, ಸ್ಕ್ಯಾನರಿನ ಜೋಡಿ ಕೂಡಿದರೂ ಸಿಗುವುದು ಅದೇ 1ರ ಕಾಲಂ. ಯಾವ ಕಾಲಂಗಳನ್ನು ಹೋಲಿಸಬೇಕೆಂದು ಹೇಳುವ ಸಂಖ್ಯೆಗಳ ಸಾಲು ಕಾಂಟ್ರಾಸ್ಟ್. ರೋಗಿಗಳಲ್ಲಿ ಹೆಚ್ಚೇ ಎಂದು ಕೇಳುವ ಕಾಂಟ್ರಾಸ್ಟ್ 1 -1 0 0. ಕಡಿಮೆಯೇ ಎಂದು ಕೇಳಲು ಚಿಹ್ನೆ ತಿರುಗಿಸಿ.

ಅತಿ ಹೆಚ್ಚು ಹಾಳಾಗುವುದು ವಯಸ್ಸಿನ ಕಾಲಂ. ರೋಗಿಗಳ ಸರಾಸರಿ 64, ಆರೋಗ್ಯವಂತರದು 56 ಇದ್ದರೆ ಎಲ್ಲರಿಂದಲೂ ಕಳೆಯಬೇಕಾದ್ದು ಒಟ್ಟು ಸರಾಸರಿ 60. ಆಗ 68 ವರ್ಷದ ರೋಗಿಗೆ +8 ಬರುತ್ತದೆ. ಗುಂಪಿನ ಸರಾಸರಿಯನ್ನೇ ಕಳೆದರೆ ಆತನಿಗೆ +4 ಬರುತ್ತದೆ, ಗುಂಪುಗಳ ನಡುವಿನ 8 ವರ್ಷದ ಅಂತರ ಕಾಲಂನಿಂದ ಅಳಿಸಿಹೋಗುತ್ತದೆ. ಮುಪ್ಪಿನಿಂದ ಕುಗ್ಗಿದ ಮೆದುಳು ರೋಗದ ಲೆಕ್ಕಕ್ಕೆ ಜಮೆಯಾಗುತ್ತದೆ. ವಯಸ್ಸಿನ ಪರಿಣಾಮವೇ ಗುಂಪಿನಿಂದ ಗುಂಪಿಗೆ ಬೇರೆ ಎಂಬ ಶಂಕೆಯಿದ್ದರೆ ಆ ಕಾಲಂ ಅನ್ನು ಗುಂಪಿಗೊಂದರಂತೆ ಎರಡಾಗಿ ಒಡೆಯಿರಿ. ಕಳೆಯುವುದು ಆಗಲೂ 60ನ್ನೇ.

ರೋಗಿಗಳೆಲ್ಲ ಮುಂಬೈಯಲ್ಲಿ, ಉಳಿದವರೆಲ್ಲ ಪುಣೆಯಲ್ಲಿ ಸ್ಕ್ಯಾನ್ ಆಗಿದ್ದರೆ ಯಾವ ಮಾಡೆಲ್ಲೂ ಕೈಹಿಡಿಯದು. ಯಂತ್ರದ ವ್ಯತ್ಯಾಸ ಯಾವುದು, ರೋಗದ್ದು ಯಾವುದು ಎಂದು ಬಿಡಿಸಲು ದಾರಿಯೇ ಇಲ್ಲ. ದಯವಿಟ್ಟು ಇದನ್ನು ಮೊದಲ ಸ್ಕ್ಯಾನಿಗೂ ಮುಂಚೆ ನೋಡಿಕೊಳ್ಳಿ.

ಇನ್ನು ಸಾಲುಗಳ ಕ್ರಮ. ಕಡತಗಳಿಗೆ ಸಬ್-1, ಸಬ್-2 ಎಂದು ಹೆಸರಿಟ್ಟು ಎಲ್ಲ ಕಡತಗಳನ್ನೂ ಒಮ್ಮೆಗೆ ಆರಿಸುವ ನಕ್ಷತ್ರ ಚಿಹ್ನೆಯಿಂದ (*) ಒಟ್ಟು ಸೇರಿಸಿದರೆ ಅವು 1, 10, 11 ಎಂದು ಸಾಲುಗಟ್ಟುತ್ತವೆ. 2 ಬರುವುದು 19ರ ನಂತರ. ಮ್ಯಾಟ್ರಿಕ್ಸ್ ಮಾತ್ರ 1, 2, 3 ಎಂದೇ ಇರುತ್ತದೆ. ಒಬ್ಬರ ವಯಸ್ಸು ಇನ್ನೊಬ್ಬರ ಮೆದುಳಿಗೆ ಅಂಟುತ್ತದೆ, ಪ್ರೋಗ್ರಾಂ ಚಕಾರ ಎತ್ತುವುದಿಲ್ಲ. 01, 02 ಎಂದು ಹೆಸರಿಡಿ, ಪಟ್ಟಿಯನ್ನು ಮುದ್ರಿಸಿ ಸಾಲು ಸಾಲಾಗಿ ತಾಳೆ ನೋಡಿ.

ಆಮೇಲೆ ಎಫ್‌ಎಸ್‌ಎಲ್‌ನ ಪರೀಕ್ಷಾ ಪ್ರೋಗ್ರಾಂ ರ್ಯಾಂಡಮೈಸ್ ಅನ್ನು 5000 ಪರ್ಮ್ಯುಟೇಶನ್ (ದತ್ತಾಂಶವನ್ನು ಅಷ್ಟು ಬಾರಿ ಕಲಸಿ ನೋಡುವುದು), ಟಿಎಫ್‌ಸಿಇ (ಅಕ್ಕಪಕ್ಕದ ಬಿಂದುಗಳ ಬೆಂಬಲವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ) ಜೊತೆ ಓಡಿಸಿ. ಅದು ಕೊಡುವ ಕರೆಕ್ಟೆಡ್ ಚಿತ್ರದಲ್ಲಿ (ಹಲವು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸಿದ್ದಕ್ಕೆ ಸರಿಪಡಿಸಿದ್ದು) ಇರುವುದು ಪಿ ಮೌಲ್ಯವಲ್ಲ, 1ರಿಂದ ಪಿ ಕಳೆದ ಸಂಖ್ಯೆ. ಹಾಗಾಗಿ ನೋಡುವಾಗ ಕೆಳಗಿನ ಮಿತಿಯನ್ನು 0.95ಕ್ಕೆ ಇಡಿ, 0.05ಕ್ಕೆ ಇಟ್ಟರೆ ಏನೂ ಸಿಗದ ಜಾಗವೂ ಬಣ್ಣದಿಂದ ಹೊಳೆಯುತ್ತದೆ.