ಹಣ ಬೇಕೋ, ಗಾಡಿ ಬೇಕೋ

“ಗಾಡಿಗೆ ಏನಾದರೂ ಆದರೆ ನಿಮಗೆ ಹಣ ಬೇಕೋ, ಗಾಡಿ ಬೇಕೋ ಮೇಡಂ?”

ಮಂಗಳವಾರ ಸಂಜೆ ವಿಮಾ ಕಂಪನಿಯ ಹುಡುಗನೊಬ್ಬ ಫೋನಿನಲ್ಲಿ ಹೀಗೆ ಕೇಳಿದ. ಅವನೇನೂ ವೇದಾಂತ ಹೇಳಲು ಹೊರಟಿರಲಿಲ್ಲ. ದಿನವಿಡೀ ಸಿಕ್ಕವರನ್ನೆಲ್ಲ ಕೇಳುವ ಪ್ರಶ್ನೆಯೇ ಇರಬೇಕು. ನಾನು ಒಂದು ಕ್ಷಣವೂ ಯೋಚಿಸದೆ “ಗಾಡಿ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, “ಹಾಗಾದರೆ ಮೇಡಂ, ನೀವು ಕೇಳುತ್ತಿರುವುದನ್ನು ಯಾವ ಕಂಪನಿಯೂ ಕೊಡುವುದಿಲ್ಲ” ಎಂದ.

ಇಂದು ಶುಕ್ರವಾರ. ಅನ್ನಕ್ಕೆ ನೀರಿಡುವಾಗ, ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಪ್ರಶ್ನೆ ಬಂದು ಪಕ್ಕದಲ್ಲಿ ಕೂರುತ್ತದೆ. ಹಣ ಬೇಕೋ, ಗಾಡಿ ಬೇಕೋ.

ಜಗಳ ಶುರುವಾದದ್ದು ನವೀಕರಣದ ನೋಟಿಸಿನಿಂದ. ನನ್ನ ಕಾರಿಗೆ ಹದಿನಾಲ್ಕು ವರ್ಷ. ಸ್ವಂತ ಸಂಬಳದಲ್ಲಿ ಕೊಂಡ ಮೊದಲ ದೊಡ್ಡ ವಸ್ತು. ನೋಟಿಸಿನ ಪ್ರಕಾರ ಅದರ ಬೆಲೆ ಹೋದ ವರ್ಷಕ್ಕಿಂತ ಇಳಿದಿತ್ತು, ಪ್ರೀಮಿಯಂ ಮಾತ್ರ ಏರಿತ್ತು. ಇಳಿಯುವುದಾದರೆ ಎರಡೂ ಇಳಿಯಬೇಡವೇ? ವಸ್ತುವಿಗೆ ಬೆಲೆಯಿಲ್ಲ ಎಂದು ಹೇಳಿ ಅದನ್ನು ಕಾಯುವುದಕ್ಕೆ ಹೆಚ್ಚು ಕೂಲಿ ಕೇಳುವ ಕಾವಲುಗಾರನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಕೋಪಕ್ಕೆ ಪೂರ್ತಿ ಕಾರಣವಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ಪ್ರೀಮಿಯಂ ಎಂಬ ಒಂದೇ ಮೊತ್ತದೊಳಗೆ ಎರಡು ಬೇರೆ ಬೇರೆ ವಿಮೆಗಳಿರುತ್ತವೆ. ಒಂದು ನನ್ನ ಗಾಡಿಗೆ ಆಗುವ ಹಾನಿಗೆ, ಇನ್ನೊಂದು ನನ್ನ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಎರಡನೆಯದು, ಎಲ್ಲರೂ ಥರ್ಡ್ ಪಾರ್ಟಿ ಎನ್ನುವ ಭಾಗ, ನನ್ನ ಗಾಡಿಯ ಮಾರುಕಟ್ಟೆ ಬೆಲೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲನೆಯದಾದರೂ ಗಾಡಿಯ ವಯಸ್ಸಿನಷ್ಟೇ ವೇಗವಾಗಿ ಇಳಿಯಬೇಕೆಂದಿಲ್ಲ. ಹೆಡ್‌ಲೈಟ್ ಒಡೆದರೆ ಹಾಕಬೇಕಾದದ್ದು ಹೊಸ ಹೆಡ್‌ಲೈಟೇ. ಗಾಡಿ ಮುದಿಯಾಯಿತೆಂದು ಗ್ಯಾರೇಜಿನವನು ಕೂಲಿ ಕಡಿಮೆ ಮಾಡುವುದಿಲ್ಲ.

ಆದರೆ ಅಂದು ಇದೊಂದೂ ಹೊಳೆಯಲಿಲ್ಲ. ಕೋಪಕ್ಕೆ ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಮೂರು ರಾತ್ರಿ ಐದು ಕಂಪನಿಗಳ ದರ ಬರೆದುಕೊಂಡೆ. ಒಂದು ದರ ನನ್ನ ನೋಟಿಸಿನ ಅರ್ಧಕ್ಕೆ ಹತ್ತಿರವಿತ್ತು. ಆ ಕಂಪನಿಯ ಮೇಲೆ ನನಗೆ ಹುಟ್ಟಿದ ಅಭಿಮಾನ ಸುಮಾರು ಒಂದು ಗಂಟೆ ಬಾಳಿತು. ಕೆಳಗಿನ ಸಾಲುಗಳನ್ನು ಓದಿದಾಗ ಅಗ್ಗದ ಗುಟ್ಟು ರಟ್ಟಾಯಿತು. ಅವರು ನನ್ನ ಕಾರಿಗೆ ಕಟ್ಟಿದ ಬೆಲೆಯೇ ಎಲ್ಲರಿಗಿಂತ ಕಡಿಮೆ. ಕ್ಲೈಮ್ ಮಾಡಿದಾಗ ಮೊದಲು ನನ್ನ ಕೈಯಿಂದ ಹಾಕಬೇಕಾದ ಪಾಲು ಎಲ್ಲರಿಗಿಂತ ಹೆಚ್ಚು. ಸಾಲದ್ದಕ್ಕೆ, “ಹಿಂದಿನ ವರ್ಷ ಕ್ಲೈಮ್ ಮಾಡಿಲ್ಲ” ಎಂಬ ಚೌಕದಲ್ಲಿ ಮೊದಲೇ ಗುರುತು ಬಿದ್ದಿತ್ತು. ಹಿಂದಿನ ಬಂಪರಿಗಾಗಿ ಹೋದ ವರ್ಷ ನಾನು ಕ್ಲೈಮ್ ಮಾಡಿದ್ದೆ. ಆ ಗುರುತು ತೆಗೆದೊಡನೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿ, ಹೋಯಿತು, ಅದರ ಹಿಂದೆಯೇ ಅಗ್ಗವೂ ಹೋಯಿತು. ತೆಗೆಯದೆ ಸುಮ್ಮನಿದ್ದಿದ್ದರೆ? ಹೊಸ ಕಂಪನಿ ಹಳೆಯ ಕಂಪನಿಯನ್ನು ಒಂದು ಮಾತು ಕೇಳಿದರೆ ಸಾಕು, ನನಗೆ ಹಣ ಬೇಕಾದ ದಿನವೇ ನಾನು ಸುಳ್ಳುಗಾರ್ತಿಯಾಗುತ್ತಿದ್ದೆ.

ಮೂರು ರಾತ್ರಿ ನಾನು ಹೋಲಿಸಿದ್ದು ದರಗಳನ್ನೇ ಅಲ್ಲ, ಐದು ಬೇರೆ ಬೇರೆ ವಸ್ತುಗಳನ್ನು. ನಾಲ್ಕನೆಯ ರಾತ್ರಿ ಹೊಸ ಪುಟ ತಿರುಗಿಸಿ, ಐದೂ ಕಡೆ ಒಂದೇ ಬೆಲೆ, ಒಂದೇ ಕೈಪಾಲು, ಒಂದೇ ಹೆಚ್ಚುವರಿ ಸೌಲಭ್ಯ ಹಾಕಿ ಮತ್ತೆ ಬರೆದೆ. ಆಗ ಕಂಪನಿಗಳ ನಡುವೆ ಉಳಿದ ವ್ಯತ್ಯಾಸಕ್ಕಾಗಿ ಯಾರೂ ನಿದ್ದೆಗೆಡಬೇಕಾಗಿರಲಿಲ್ಲ.

ಇದರ ನಡುವೆ ನನ್ನ ಅಣ್ಣ. ಅವನಿಗೆ ಎಲ್ಲದರಲ್ಲೂ ಅಭಿಪ್ರಾಯವಿದೆ, ಪಾಲಿಸಿಯನ್ನು ಪೂರ್ತಿ ಓದಿದ ಅನುಭವ ಮಾತ್ರ ಇಲ್ಲ. “ಹಳೆಯ ಗಾಡಿಗೆ ಥರ್ಡ್ ಪಾರ್ಟಿ ಸಾಕು. ಪೂರ್ತಿ ವಿಮೆ ಮಾಡಿಸುವವಳು ನೀನೊಬ್ಬಳೇ” ಎಂದ. ಗಾಡಿಗೆ ಬೆಂಕಿ ಬಿದ್ದರೆ? “ಬೀಳುವುದಿಲ್ಲ.” ಕಳುವಾದರೆ? “ಇದನ್ನು ಯಾರು ಕದಿಯುತ್ತಾರೆ?” ಇದು ಅಣ್ಣನ ವಿಮಾಶಾಸ್ತ್ರ. ಹಳೆಯ ಗಾಡಿಗಳನ್ನು ಬಿಡಿಭಾಗಗಳಿಗಾಗಿಯೇ ಕದಿಯುವವರಿದ್ದಾರೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಕಳ್ಳರ ಬಗ್ಗೆಯೂ ಅವನ ಅಭಿಪ್ರಾಯ ಕೇಳಬೇಕಾಗುತ್ತಿತ್ತು. ಆದರೂ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಗಾಡಿಯ ಹಾನಿಗಾಗಿ ವರ್ಷಕ್ಕೆ ಕಟ್ಟುವ ಭಾಗ ಗಾಡಿಯ ಬೆಲೆಯ 10 ಪ್ರತಿಶತ ದಾಟಿದರೆ ಅದನ್ನು ಕೈಬಿಡುವ ಬಗ್ಗೆ ಯೋಚಿಸಬೇಕು ಎಂಬ ಒರಟು ಲೆಕ್ಕವೊಂದು ಅಮೆರಿಕದಲ್ಲಿ ಬಳಕೆಯಲ್ಲಿದೆ. ನನ್ನದು ಇನ್ನೂ ಅದರೊಳಗೇ ಇತ್ತು. ಇನ್ನೆರಡು ವರ್ಷ ಕಳೆದರೆ ಅಣ್ಣನೇ ಸರಿಯಾಗುತ್ತಾನೆ. ಆ ದಿನವನ್ನು ಅವನು ಮರೆಯಲು ಬಿಡುವುದಿಲ್ಲ.

ಮಂಗಳವಾರದ ಆ ಫೋನಿಗೆ ಮರಳುತ್ತೇನೆ. “ನಿಮಗೆ ಹಣ ಬೇಕೋ, ಗಾಡಿ ಬೇಕೋ?” ಅವನು ಹಾಗೆ ಕೇಳಲು ಕಾರಣವಿತ್ತು. ದುರಸ್ತಿಯ ಖರ್ಚು ಒಂದು ಗೆರೆ ದಾಟಿತೆಂದರೆ ಕಂಪನಿ ದುರಸ್ತಿ ಮಾಡಿಸುವುದಿಲ್ಲ. ಸಂಪೂರ್ಣ ನಷ್ಟವೆಂದು ಬರೆದು, ಪಾಲಿಸಿಯ ಲೆಕ್ಕದಂತೆ ಗಾಡಿಯ ಬೆಲೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಗೆರೆ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ ಪಾಲಿಸಿಯಲ್ಲಿ ಗಾಡಿಗೆ ಘೋಷಿಸಿದ ಬೆಲೆಯ 75 ಪ್ರತಿಶತ, ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಗಾಡಿಯ ಬೆಲೆಯ 100 ಪ್ರತಿಶತ. ಎಲ್ಲೇ ಇರಲಿ, ಗಾಡಿಯ ಬೆಲೆ ಇಳಿದಂತೆ ಆ ಗೆರೆಯೂ ಕೆಳಗಿಳಿಯುತ್ತದೆ. ಹೊಸ ಕಾರಿಗೆ ಮುಂಭಾಗದಲ್ಲಿ ಒಂದು ಗಟ್ಟಿ ಪೆಟ್ಟು ಬಿದ್ದರೆ ಬಾನೆಟ್, ರೇಡಿಯೇಟರ್, ದೀಪ ಬದಲಾಯಿಸಿ ಮನೆಗೆ ಕಳುಹಿಸುತ್ತಾರೆ. ಅದೇ ಪೆಟ್ಟು ನನ್ನ ಕಾರಿಗೆ ಬಿದ್ದು, ಜೊತೆಗೆ ಏರ್‌ಬ್ಯಾಗುಗಳೂ ತೆರೆದುಕೊಂಡರೆ ಕಥೆ ಮುಗಿಯಿತು. ಎಂಜಿನ್ ಗುಂಡುಕಲ್ಲಿನಂತಿದ್ದರೂ ಗಾಡಿ ಗುಜರಿಗೆ.

“ಅಂದರೆ ಮೇಡಂ, ಗಾಡಿ ಹಳೆಯದಾದಷ್ಟೂ ಹಣ ಸಿಗುವ ಸಾಧ್ಯತೆ ಹೆಚ್ಚು, ಗಾಡಿ ಉಳಿಯುವ ಸಾಧ್ಯತೆ ಕಡಿಮೆ. ಸಿಗುವ ಹಣವೂ ಕಡಿಮೆ” ಎಂದ. ಇಷ್ಟು ಸ್ಪಷ್ಟವಾಗಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾರುವವನೇ ಹೇಳಿದ್ದು ಅವನ ದೊಡ್ಡತನ, ಇಲ್ಲವೇ ಕೆಲಸಕ್ಕೆ ಹೊಸಬನಿರಬೇಕು. ನಿಮ್ಮ ಬಳಿ ಗಾಡಿ ಇದೆಯೇ ಎಂದು ಕೇಳಿದೆ. “ಹಳೆಯ ಬೈಕ್ ಇದೆ ಮೇಡಂ.” ವಿಮೆ? ಅವನು ನಕ್ಕ. “ಥರ್ಡ್ ಪಾರ್ಟಿ.”

ನನ್ನನ್ನು ನಿಜವಾಗಿ ಕುಟುಕಿದ್ದು ಆ ನಗು. ಫೋನಿಟ್ಟು ನೋಟ್‌ಬುಕ್ ತೆಗೆದು ನೋಡಿದೆ. ಗಾಡಿಯ ಬೆಲೆ, ಸವಕಳಿ, ಕೈಪಾಲು, ಟೈರು, ಗಾಜು, ದಾರಿಯಲ್ಲಿ ಕೆಟ್ಟು ನಿಂತರೆ ಸಹಾಯ, ನೀರು ನುಗ್ಗಿದ ಎಂಜಿನ್ನು. (ಇದನ್ನು ಬರೆದದ್ದು ಗೆಳತಿಯೊಬ್ಬಳ ದೆಸೆಯಿಂದ. ನೀರಿನಲ್ಲಿ ನಿಂತ ಕಾರನ್ನು ಅವಳು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಮುರಿದುಕೊಂಡಳು. ನೀರು ನುಗ್ಗಿದ್ದು ಅಪಘಾತ, ಕೀಲಿ ತಿರುಗಿಸಿದ್ದು ನಿಮ್ಮ ತಪ್ಪು ಎಂದಿತು ಕಂಪನಿ.) ಇಷ್ಟೆಲ್ಲ ಕಾಲಮ್ಮುಗಳು ನನ್ನ ಗಾಡಿಗೆ. ಥರ್ಡ್ ಪಾರ್ಟಿಯ ಎದುರು “ಎಲ್ಲ ಕಡೆ ಇದೆ” ಎಂದಷ್ಟೇ ಗೀಚಿದ್ದೆ. ಎದುರಿಗೆ ಸಿಗಬಹುದಾದ ಮನುಷ್ಯನಿಗೆ ಅಷ್ಟೇ ಜಾಗ.

ಆದರೆ ಕಾನೂನು ತಲೆಕೆಡಿಸಿಕೊಂಡದ್ದು ಆ ಮನುಷ್ಯನೊಬ್ಬನ ಬಗ್ಗೆಯೇ. ಬ್ರಿಟನ್‌ನಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದ್ದು 1930ರ ರಸ್ತೆ ಸಂಚಾರ ಕಾಯ್ದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಅದಕ್ಕೂ ಮೊದಲೇ, 1927ರಲ್ಲಿ, ಆ ದಾರಿ ಹಿಡಿದಿತ್ತು. ಗುದ್ದಿದವನ ಮೇಲೆ ಮೊಕದ್ದಮೆ ಹೂಡಿ ಗೆದ್ದರೂ ಅವನ ಕೈಯಲ್ಲಿ ಕಾಸಿಲ್ಲದಿದ್ದರೆ ಕಾಲು ಕಳೆದುಕೊಂಡವನಿಗೆ ಸಿಗುವುದು ತೀರ್ಪಿನ ಕಾಗದ ಮಾತ್ರ. ಕಡ್ಡಾಯದ ಹಿಂದೆ ಇದ್ದದ್ದು ಆ ಸಂಕಟ. ಸ್ವಾರಸ್ಯವೆಂದರೆ ಬ್ರಿಟನ್ನಿನ ಅದೇ ಕಾಯ್ದೆ ಸಾಮಾನ್ಯ ಕಾರುಗಳಿಗಿದ್ದ ಗಂಟೆಗೆ 20 ಮೈಲಿಯ ವೇಗಮಿತಿಯನ್ನೂ ತೆಗೆದುಹಾಕಿತು. ಒಂದು ಕೈಯಲ್ಲಿ ಲಗಾಮು ಬಿಚ್ಚಿ, ಇನ್ನೊಂದು ಕೈಯಲ್ಲಿ ಪರಿಹಾರದ ಚೀಟಿ ಹಿಡಿದಂತೆ.

ನನ್ನ ಕಾರಿನ ಬೆಲೆ ಹದಿನಾಲ್ಕು ವರ್ಷದಲ್ಲಿ ನೆಲಕಚ್ಚಿದೆ, ತೂಕ ಒಂದು ಗುಲಗಂಜಿಯೂ ಇಳಿದಿಲ್ಲ. ಅದು ಯಾರಿಗಾದರೂ ಮಾಡಬಹುದಾದ ಪೆಟ್ಟಿಗೆ ಸವಕಳಿಯಿಲ್ಲ. ಬ್ರೇಕು ಹಳೆಯದಾದ ಲೆಕ್ಕದಲ್ಲಿ ಹೆಚ್ಚೇ ಇರಬಹುದು. ಬಂಪರಿಗಾಗಿ ನಾಲ್ಕು ರಾತ್ರಿ ನಿದ್ದೆಗೆಟ್ಟ ನಾನು ಬ್ರೇಕ್ ಪ್ಯಾಡ್ ಯಾವಾಗ ಬದಲಾಯಿಸಿದ್ದೆ ಎಂದು ನೆನಪಿಸಿಕೊಳ್ಳಲು ಹೋದೆ. ನೆನಪಾಗಲಿಲ್ಲ. ಬುಧವಾರ ಗಾಡಿಯನ್ನು ಗ್ಯಾರೇಜಿಗೆ ಕೊಟ್ಟೆ. ಪ್ಯಾಡು ತೆಗೆದು ತೋರಿಸಿದ ಮೆಕ್ಯಾನಿಕ್ ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ನಿನ್ನೆ ಅದೇ ಹುಡುಗನ ಕಂಪನಿಗೆ ಹಣ ಕಟ್ಟಿದೆ. ಪೂರ್ತಿ ವಿಮೆಯೇ, ಕೈಪಾಲು ಸ್ವಲ್ಪ ಹೆಚ್ಚು. ಹೊಸ ಕಂಪನಿಯಾದ್ದರಿಂದ ಗಾಡಿಯ ಫೋಟೋ ಕಳುಹಿಸಬೇಕೆಂದರು, ನಾಲ್ಕೂ ಬದಿಯಿಂದ. ಫೋಟೋ ತೆಗೆಯುವ ಮೊದಲು ಗಾಡಿ ತೊಳೆದೆ. ತೊಳೆದದ್ದೇ ತಪ್ಪಾಯಿತು, ಎಡ ಹಿಂಬಾಗಿಲಿನ ಗೀರು ಎದ್ದು ಕಂಡಿತು.

ಮಗಳಿಗೆ ಏಳು ವರ್ಷವಿದ್ದಾಗ ಸೈಕಲ್ ಕಲಿಯುತ್ತಾ ಬಂದು ಹ್ಯಾಂಡಲಿನಿಂದ ಗೀರಿದ್ದು. ಗಾಡಿ ಇನ್ನೂ ಹೊಸದು. ಅವಳ ಮೊಣಕಾಲು ನೋಡುವ ಮೊದಲು ಬಾಗಿಲು ನೋಡಿ ಬೈದಿದ್ದೆ. ಕ್ಲೈಮ್ ಮಾಡಿದ್ದರೆ ಒಂದೇ ದಿನದಲ್ಲಿ ಬಣ್ಣ ಬಳಿದು ಕೊಡುತ್ತಿದ್ದರು. ನೋ ಕ್ಲೈಮ್ ಬೋನಸ್ ಹೋಗುತ್ತದೆಂದು ಲೆಕ್ಕ ಹಾಕಿ ಬಿಟ್ಟೆ. ಆ ಜಿಪುಣತನದಿಂದ ಗೀರು ಹನ್ನೆರಡು ವರ್ಷ ಉಳಿದುಕೊಂಡಿತು. ಮಗಳು ಈಗ ಕಾಲೇಜಿನಲ್ಲಿದ್ದಾಳೆ, ರಜೆಗೆ ಬಂದರೆ ಇದೇ ಗಾಡಿ ಓಡಿಸುತ್ತಾಳೆ, ನನಗಿಂತ ಚೆನ್ನಾಗಿ.

ಫೋಟೋ ನೋಡಿ ಪರಿಶೀಲನೆಯವರು ಇವತ್ತು ಬೆಳಿಗ್ಗೆ ವರದಿ ಕಳುಹಿಸಿದರು. ಗಾಡಿಯ ಸ್ಥಿತಿ ತೃಪ್ತಿಕರ. ಕೊನೆಯಲ್ಲಿ ಒಂದು ಸಾಲು: “ಎಡ ಹಿಂಬಾಗಿಲು: ಗೀರು. ಹಳೆಯದು. ಇದಕ್ಕೆ ಪರಿಹಾರವಿಲ್ಲ.”

ಮಗಳಿಗೆ ಕಳುಹಿಸಿದೆ. ಅವಳು ನಗುವ ಮುಖವೊಂದನ್ನು ಕಳುಹಿಸಿ, ಕೆಳಗೆ ಬರೆದಿದ್ದಳು: “ಅಮ್ಮ, ಮೊಣಕಾಲಿನದೂ ಇನ್ನೂ ಇದೆ.”